ಪಾಲುದಾರ ಸಂಸ್ಥೆ

ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಬೇಕೋ ಬಿಡಬೇಕೋ ಎಂಬುದು ಬೆಳಿಗ್ಗೆ ಎದ್ದಾಗಿನಿಂದ ಅವಳ ತಲೆ ತಿನ್ನುತ್ತಿತ್ತು. ಒರೆಸಿದರೆ ಇವತ್ತಿಗೋಸ್ಕರವೇ ಒರೆಸಿದ್ದು ಎಂದು ಬರುವವರಿಗೆ ಗೊತ್ತಾಗಿಬಿಡುತ್ತದೆ. ಬಿಟ್ಟರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಅದು ಇನ್ನೂ ಕಷ್ಟ. ಕಾಲೇಜಿನ ಮೆಟ್ಟಿಲು ಹತ್ತುವಾಗಲೂ ಇದೇ, ಹಾಜರಿ ಹಾಕುವಾಗಲೂ ಇದೇ. ಥೂ, ಒಂದು ಬಟ್ಟೆ ಚೂರಿನ ವಿಷಯಕ್ಕೆ ಇಷ್ಟು ಒದ್ದಾಡಬೇಕೇ ಎಂದು ತನ್ನ ಮೇಲೇ ಸಿಟ್ಟು ಬಂತು. ರಸಾಯನ ಪ್ರಯೋಗಾಲಯದ ಹಿಂದಿನ ಆ ಕೋಣೆಯ ಬೀಗ ತೆಗೆದು ದೀಪ ಹಾಕಿದಳು. ನೆಲಕ್ಕೆ ಹೊಸ ಟೈಲ್ಸು, ಗೋಡೆಗೆ ಏಸಿ, ಮೂಲೆಯಲ್ಲಿ ಸ್ಟೆಬಿಲೈಸರು, ಹೊಗೆ ಹೊರಗೆ ಹೋಗಲು ತಗಡಿನ ಕೊಳವೆ, ಎಲ್ಲ ಸಿದ್ಧ. ನಡುವೆ ಮಾತ್ರ ಮರದ ಪಟ್ಟಿ ಹೊಡೆದ ಪೆಟ್ಟಿಗೆ, ಅವಳ ಎದೆಮಟ್ಟಕ್ಕೆ ಬರುವಂಥದ್ದು, ನೆಂಟರ ಮನೆಗೆ ಬಂದು ಯಾರೂ ಕೂತುಕೊಳ್ಳಿ ಎನ್ನದೆ ನಿಂತೇ ಇರುವವರ ಹಾಗೆ ನಿಂತಿತ್ತು. ಅದರೊಳಗಿರುವುದು ನೀರಿನಲ್ಲಿ ಸೀಸ ಎಷ್ಟಿದೆ, ಕ್ಯಾಡ್ಮಿಯಂ ಎಷ್ಟಿದೆ ಎಂದು ಹೇಳುವ ಯಂತ್ರ. ಬಂದು ಎರಡು ವರ್ಷ ದಾಟಿತ್ತು. ಒಂದು ಮೊಳೆಯನ್ನೂ ಕಿತ್ತಿರಲಿಲ್ಲ.

ಸರ್ಕಾರದ ಆ ಯೋಜನೆಯ ಹೆಸರು ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದ. ಸಾರಾಂಶ ಇಷ್ಟೇ: ದೊಡ್ಡ ವಿಶ್ವವಿದ್ಯಾಲಯವೊಂದು ದೂರದ ಊರಿನ ಸಣ್ಣ ಕಾಲೇಜೊಂದನ್ನು ಜೊತೆಗೆ ಸೇರಿಸಿಕೊಂಡು, ಸಂಶೋಧನೆ ಆ ಊರಿನಲ್ಲೇ, ಆ ಊರಿನವರ ಕೈಯಿಂದಲೇ ನಡೆಯುವ ಹಾಗೆ ಮಾಡಬೇಕು. ಅದಕ್ಕೆ ಅನುದಾನ. ಕಾಗದಪತ್ರಗಳಲ್ಲಿ ವಿಶ್ವವಿದ್ಯಾಲಯ 'ಮುಖ್ಯ ಸಂಸ್ಥೆ', ಇವರ ಕಾಲೇಜು 'ಪಾಲುದಾರ ಸಂಸ್ಥೆ'. ಪ್ರಿನ್ಸಿಪಾಲರು ಮಾತ್ರ ಮೊದಲ ದಿನವೇ, "ನಾವು ಹೆಣ್ಣಿನ ಕಡೆಯವರು ಕಣ್ರೀ, ಸ್ವಲ್ಪ ತಗ್ಗಿ ಬಗ್ಗಿ ಇರಬೇಕು" ಎಂದು ನಕ್ಕಿದ್ದರು. ತಗ್ಗಿ ಬಗ್ಗಿಯೇ ನಡೆದುಕೊಂಡು ಬಂದಿತ್ತು. ಚರ್ಮ ಹದ ಮಾಡುವ ಕಾರ್ಖಾನೆಗಳ ಸುತ್ತಿನ ಬಾವಿಗಳಿಂದ ಅವಳೂ ಅವಳ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳೂ ನೀರು ತರುತ್ತಿದ್ದರು; ಶೋಧಿಸಿ, ಹನಿ ಆಸಿಡ್ ಹಾಕಿ, ಬಾಟಲಿಗೆ ಚೀಟಿ ಅಂಟಿಸಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಯಾರೋ ಅದನ್ನು ಅಳೆಯುತ್ತಿದ್ದರು. ಸಂಖ್ಯೆಗಳು ವಾಪಸ್ ಬರುತ್ತಿದ್ದವು. ಪ್ರಬಂಧಗಳು ಅಚ್ಚಾಗುತ್ತಿದ್ದವು, ಲೇಖಕರ ಸಾಲಿನ ಮಧ್ಯದಲ್ಲೆಲ್ಲೋ ಅವಳ ಹೆಸರೂ ಇರುತ್ತಿತ್ತು. ಈ ಹೊತ್ತು ಪರಿಶೀಲನಾ ಸಮಿತಿ ಬರುತ್ತದೆ. ಸಾಮರ್ಥ್ಯ ಬೆಳೆದಿದೆಯೇ ಎಂದು ನೋಡುತ್ತದೆ. ಬೆಳೆದಿಲ್ಲ ಎಂದರೆ ಎರಡನೇ ಹಂತದ ಅನುದಾನವಿಲ್ಲ, ಆ ಇಬ್ಬರು ಹುಡುಗಿಯರು ಗಂಟು ಮೂಟೆ ಕಟ್ಟಬೇಕು, ಈ ಕೋಣೆ ಪರೀಕ್ಷಾ ವಿಭಾಗದ ಉಗ್ರಾಣವಾಗುತ್ತದೆ.

ಇದಕ್ಕೆಲ್ಲ ವಿಶ್ವವಿದ್ಯಾಲಯವೇ ಕಾರಣ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಂಬಿದ್ದರು. ದೊಡ್ಡವರು ಯಂತ್ರ ಕೊಟ್ಟ ಹಾಗೆ ಮಾಡಿ ಬೀಗದ ಕೈ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ, ಇಲ್ಲಿಯವರು ಬಾಟಲಿ ತೊಳೆಯುವವರಾಗಿಯೇ ಇರಬೇಕು ಎಂಬುದು ಅವರ ಆಸೆ, ಹಾಗೆ ಹೀಗೆ. ಅವಳ ಗಂಡನೂ ಬೆಳಿಗ್ಗೆ ಷೂ ಲೇಸು ಕಟ್ಟಿಕೊಳ್ಳುತ್ತಾ, "ನೀನ್ಯಾಕೆ ತಲೆ ಕೆಡಿಸ್ಕೋತೀಯ? ತಪ್ಪು ನಿಂದಲ್ವಲ್ಲ. ಕೇಳಿದ್ರೆ ನೆಟ್ಟಗೆ ಹೇಳು, ಅವರೇ ಇಂಜಿನಿಯರ್‌ನ ಕಳಿಸಲಿಲ್ಲ ಅಂತ" ಎಂದಿದ್ದ. ಅವಳು ಹೂಂ ಎಂದು ಅವನ ಊಟದ ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿದ್ದಳು. ಎರಡು ವರ್ಷದ ಹಿಂದೆ ಯಂತ್ರದ ಕಂಪನಿಯ ಇಂಜಿನಿಯರು ಮೊದಲ ಬಾರಿ ಫೋನ್ ಮಾಡಿದಾಗಲೂ ಅವಳು ಅದೇ ಅಡುಗೆಮನೆಯಲ್ಲಿದ್ದಳು. "ಯಾವಾಗ ಬರ್ಲಿ ಮೇಡಂ, ಒಂದು ವಾರದ ಕೆಲಸ, ಕೂರಿಸಿ, ನಿಮಗೂ ಕಲಿಸಿ ಹೋಗ್ತೀನಿ." ಕೋಣೆಗೆ ಇನ್ನೂ ಕರೆಂಟು ಬಂದಿಲ್ಲ ಎಂದುಬಿಟ್ಟಳು. ಬಂದಿತ್ತು. ಮುಂದಿನ ತಿಂಗಳು ಪರೀಕ್ಷೆ ಎಂದಳು. ಅದರ ಮುಂದೆ ಪ್ರಿನ್ಸಿಪಾಲರು ರಜೆಯಲ್ಲಿದ್ದಾರೆ ಎಂದಳು. ಪ್ರತಿ ಸಲ ಫೋನ್ ಇಟ್ಟಾಗಲೂ ಎದೆಯ ಮೇಲಿನ ಭಾರ ಇಳಿದ ಹಾಗಾಗುತ್ತಿತ್ತು. ಸಂಜೆಯೊಳಗೆ ಮತ್ತೆ ಏರುತ್ತಿತ್ತು. ಕೊನೆಗೆ ಆ ಮನುಷ್ಯ, "ಏನ್ ಮೇಡಂ ಇದು, ಯೂನಿವರ್ಸಿಟಿಯ ದೊಡ್ಡ ಸರ್ ಬೇರೆ ಮೂರು ಸಲ ಫೋನ್ ಮಾಡಿ ಬೈದ್ರು, ಹೋಗಯ್ಯ ಹೋಗಯ್ಯ ಅಂತ. ನೀವು ನೋಡಿದ್ರೆ ಬೇಡ ಅಂತೀರ. ಬೇಕಾದಾಗ ನೀವೇ ಹೇಳಿ" ಎಂದು ಕೈ ತೊಳೆದುಕೊಂಡ. ಅವಳು ಹೇಳಲಿಲ್ಲ.

ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳುವುದಕ್ಕೆ ಅವಳ ಬಳಿ ಒಂದು ದೊಡ್ಡ ಕಾರಣವೂ ಇರಲಿಲ್ಲ ಎಂಬುದೇ ನಾಚಿಕೆಗೇಡು. ಡಾಕ್ಟರೇಟ್ ಮಾಡುವ ಕಾಲಕ್ಕೆ ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಯಂತ್ರದ ಮುಂದೆ ನಿಂತು ಅದೇನನ್ನೋ ಮೊದಲು ತಿರುಗಿಸುವುದರ ಬದಲು ಆಮೇಲೆ ತಿರುಗಿಸಿದ್ದಳು; ಭಪ್ ಎಂದು ಉರಿ ಎದ್ದಿತು, ಯಾರಿಗೂ ಏನೂ ಆಗಲಿಲ್ಲ. ಅಲ್ಲಿನ ಟೆಕ್ನಿಷಿಯನ್ ಮಾತ್ರ ಎಲ್ಲರ ಎದುರಿಗೆ, "ಅಮ್ಮಾ ತಾಯಿ, ನೀವು ಬರೀ ಬರ್ಕೊಳ್ಳಿ, ಮುಟ್ಟೋಕೆ ಮಾತ್ರ ಹೋಗಬೇಡಿ" ಎಂದು ಕೈ ಮುಗಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಲ್ಲಿಂದ ಮುಂದೆ ಅವನು ಅಳೆದ, ಅವಳು ಬರೆದುಕೊಂಡಳು, ಅವನ ಕೈ ಅಳೆದದ್ದಕ್ಕೆ ಅವಳ ಹೆಸರಿನ ಹಿಂದೆ ಡಾಕ್ಟರ್ ಬಂತು. ಈಗ ಹದಿನೈದು ವರ್ಷದ ಪಾಠದ ಮೇಲೆ, ತನ್ನದೇ ವಿದ್ಯಾರ್ಥಿನಿಯರ ಎದುರಿಗೆ, ಇಂಜಿನಿಯರು ಹೇಳಿಕೊಟ್ಟದ್ದನ್ನು ಮೊದಲಿಂದ ಕಲಿಯುತ್ತಾ ಮತ್ತೆ ಭಪ್ ಎನ್ನಿಸಿದರೆ? ಪೆಟ್ಟಿಗೆ ಮುಚ್ಚಿರುವಷ್ಟು ದಿನ ಅವಳಿಗೆ ಎಲ್ಲ ಬರುತ್ತಿತ್ತು. ಬಟ್ಟೆ ತೆಗೆದುಕೊಂಡು ಅವಳು ಧೂಳನ್ನು ಅರ್ಧ ಒರೆಸಿದಳು, ಅರ್ಧ ಬಿಟ್ಟಳು, ಅದು ಇನ್ನೂ ಅಸಹ್ಯವಾಗಿ ಕಂಡು ಪೂರ್ತಿ ಒರೆಸಿದಳು.

ದೊಡ್ಡ ಮೇಷ್ಟ್ರು ಸಮಿತಿಗಿಂತ ಮೊದಲೇ ಬಂದರು. ಯೋಜನೆಯ ಮುಖ್ಯಸ್ಥರು ಅವರು, ಅವಳ ಸಂಶೋಧನೆಗೆ ಗೈಡ್ ಆಗಿದ್ದವರು, ವಿಶ್ವವಿದ್ಯಾಲಯದಲ್ಲಿ ಅವರ ಕೈಕೆಳಗೆ ಕಲಿತವರೆಲ್ಲ ಹಾಗೇ ಕರೆಯುತ್ತಿದ್ದುದು. ಮೊದಲೆಲ್ಲ ಬಾಗಿಲಿನಿಂದಲೇ ದನಿ ಬರುತ್ತಿತ್ತು. ಈ ಸಲ ಕಾರಿಡಾರಿನಲ್ಲಿ ಎರಡು ಬಾಗಿಲು ದಾಟಿ ಹೋಗಿ, ನಿಂತು, ತಿರುಗಿ ಬಂದರು. "ನಿಮ್ಮ ಕಾಲೇಜಿನೋರು ಬಾಗಿಲು ಬದಲಾಯಿಸಿದ್ದಾರೇನಮ್ಮ?" ಎಂದರು. ಇಲ್ಲ ಸರ್ ಎಂದಳು. "ಹಾಗಾದ್ರೆ ನಾನೇ ಬದಲಾಗಿದ್ದೀನಿ" ಎಂದು ನಕ್ಕು ಸ್ಟೂಲಿನ ಮೇಲೆ ಕೂತರು. ಮಾತು ಹಾಗೇ ಅದರ ಮೇಲೇ ಹೋಯಿತು. ಹೋದ ವಾರ ಒಲೆಯ ಮೇಲೆ ಹಾಲಿಟ್ಟು ವಾಕಿಂಗ್ ಹೋಗಿಬಿಟ್ಟಿದ್ದರಂತೆ. ಪಾತ್ರೆ ಕರಕಲಾಗಿ, ಮನೆಯೆಲ್ಲ ಹೊಗೆಯಾಗಿ, ಹೆಂಡತಿ ಅತ್ತೂ ಕರೆದೂ ರಂಪ ಮಾಡಿ ಮರೆವಿನ ಡಾಕ್ಟರೊಬ್ಬರ ಹತ್ತಿರ ನಾಳೆಗೆ ಸಮಯ ತೆಗೆದುಕೊಂಡಿದ್ದಾಳಂತೆ. "ಹಾಲುಕ್ಕಿಸದೆ ಇರೋ ಗಂಡಸು ಯಾವನಾದ್ರೂ ಇದ್ದಾನೇನಮ್ಮ ಪ್ರಪಂಚದಲ್ಲಿ? ನಾನಂತೂ ಹೋಗಲ್ಲ ಅಂದೆ. ನೋಡೋಣ ಅಂತಾನೂ ಅಂದೆ." ನಗುತ್ತಲೇ ಹೇಳಿದರು, ಆದರೆ ಕೈಬೆರಳು ಸುಮ್ಮನೆ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಮುಟ್ಟಿ ನೋಡಿಕೊಳ್ಳುತ್ತಿತ್ತು.

ಆಮೇಲೆ ಎದ್ದು ಪೆಟ್ಟಿಗೆಯ ಹತ್ತಿರ ಹೋದರು. ಅದರ ಮೇಲೆ ಅಂಗೈ ಇಟ್ಟು, ಅವಳ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದರು. "ಇದನ್ನ ಕೂರಿಸೋ ಇಂಜಿನಿಯರ್‌ಗೆ ನಾನು ಫೋನ್ ಮಾಡ್ತೀನಿ ಅಂದಿದ್ದೆ ಅಲ್ವಾ? ನಾನು ಮಾಡಿದ್ನಾ?" ಅವಳಿಗೆ ಕೂಡಲೇ ಗೊತ್ತಾಯಿತು, ಇದು ಪರೀಕ್ಷೆಯಲ್ಲ, ನಾಟಕವಲ್ಲ, ಮನುಷ್ಯನಿಗೆ ನಿಜವಾಗಿಯೂ ನೆನಪಿಲ್ಲ. ಮೂರು ಸಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮೂರು ಸಲ ಎಂದರೆ, ಮತ್ತೇಕೆ ಅವನು ಬರಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. "ಮಾಡ್ತೀನಿ ಅಂದಿದ್ರಿ ಸರ್" ಎಂದಳು. "ಮಾಡಿದ್ರೋ ಇಲ್ವೋ ನಂಗೊತ್ತಿಲ್ಲ." ಹೇಳಿದ ದನಿ ಎಷ್ಟು ಸಹಜವಾಗಿತ್ತೆಂದರೆ ಅವಳಿಗೇ ಆಶ್ಚರ್ಯವಾಯಿತು, ಒಂದು ಕ್ಷಣ ಹೆಮ್ಮೆಯೂ ಆಯಿತೇನೋ. ಮೇಷ್ಟ್ರು "ಓಹೋ" ಎಂದರು. "ಮಾಡಿರಲಿಕ್ಕಿಲ್ಲ. ಮಾಡಿದ್ರೆ ನೆನಪಿರ್ತಿತ್ತಲ್ಲ." ಹೊರಗೆ ಕಾರು ನಿಂತ ಸದ್ದಾಗಿ ಪ್ರಿನ್ಸಿಪಾಲರು ಮೆಟ್ಟಿಲಿಳಿದು ಓಡುವುದು ಕೇಳಿಸಿತು.

ಸಮಿತಿಯಲ್ಲಿ ಇಬ್ಬರಿದ್ದರು. ಅಧ್ಯಕ್ಷೆಯಾಗಿದ್ದ ಹೆಂಗಸು ಬಿಳಿಗೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು, ಎದುರಿಗಿದ್ದವರ ಕಣ್ಣಲ್ಲೇ ಕಣ್ಣಿಟ್ಟು ಮಾತಾಡುವ ಅಭ್ಯಾಸ. ಜೊತೆಗಿದ್ದ ದಪ್ಪನೆಯ ಅಧಿಕಾರಿ ಮಾತಾಡುತ್ತಿರಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಮುರಿಯದ ಹಾಗೆ ಬಾಯಿಗೆ ಸಾಗಿಸುವುದರಲ್ಲೇ ಅವನ ಗಮನವೆಲ್ಲ. ಕೋಣೆ ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಅಧ್ಯಕ್ಷೆ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಒರೆಸಿ ಹೊಳೆಯುತ್ತಿದ್ದ ಅದರ ನೆತ್ತಿಯನ್ನು ಬೆರಳಲ್ಲಿ ಸವರಿ, "ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದಳು. ಅದನ್ನು ಕೇಳಿ ಇವಳ ಮುಖ ಕೆಂಪಾಯಿತು. ಎಲ್ಲರೂ ಪ್ರಿನ್ಸಿಪಾಲರ ಕೋಣೆಗೆ ಬಂದು ಕೂತ ಮೇಲೆ ಅಧ್ಯಕ್ಷೆ ಕುರ್ಚಿಯನ್ನು ಅವಳ ಕಡೆಗೇ ತಿರುಗಿಸಿಕೊಂಡಳು. "ನೀವು ಹೆದರ್ಕೋಬೇಡಿ. ನಾನು ಇಂಥದ್ದು ಬೇಕಾದಷ್ಟು ನೋಡಿದ್ದೀನಿ. ದೊಡ್ಡ ಸಂಸ್ಥೆಯೋರು ಸಣ್ಣ ಸಂಸ್ಥೆಯೋರ ಹೆಸರಲ್ಲಿ ದುಡ್ಡು ತಗೋತಾರೆ, ಸಾಮಾನು ಕೊಟ್ಟ ಹಾಗೆ ಮಾಡ್ತಾರೆ, ವಿದ್ಯೆ ಮಾತ್ರ ಕೊಡಲ್ಲ. ಯಾಕೆ ಇದು ಇನ್ನೂ ಪೆಟ್ಟಿಗೇಲಿದೆ? ಮುಚ್ಚುಮರೆ ಇಲ್ದೆ ಹೇಳಿ." ಪ್ರಿನ್ಸಿಪಾಲರು ಮೇಜಿನ ಕೆಳಗೆ ಕಾಲು ಕುಣಿಸುವುದನ್ನು ನಿಲ್ಲಿಸಿದರು. ಎಂಥ ಮಾತು! ಬಾಯಿ ತೆರೆದು ಒಂದು ಹೌದು ಎಂದರೆ ಸಾಕಿತ್ತು, ಅವಳು ಅನ್ಯಾಯಕ್ಕೊಳಗಾದವಳು, ಅವಳದೇನೂ ತಪ್ಪಿಲ್ಲ. ಎದುರಿಗೆ ಅಷ್ಟು ದೊಡ್ಡ ಬಾಗಿಲನ್ನು ತೆಗೆದು ಹಿಡಿದು ಬನ್ನಿ ಎನ್ನುತ್ತಿದ್ದರು.

ಅಷ್ಟರಲ್ಲಿ ಮೇಷ್ಟ್ರೇ ಬಾಯಿ ಹಾಕಿದರು. "ಅವಳನ್ನ ಕೇಳಬೇಡಿ. ತಪ್ಪು ನಂದು" ಎಂದರು. "ಇಂಜಿನಿಯರ್‌ಗೆ ನಾನು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ದುರುದ್ದೇಶ ಏನೂ ಇರಲಿಲ್ಲ, ಮರೆತೆ, ಅಷ್ಟೇ. ಎರಡು ವರ್ಷ ಮರೆಯೋದು ಸಣ್ಣ ವಿಷಯ ಅಲ್ಲ, ಒಪ್ಕೋತೀನಿ. ಎರಡನೇ ಹಂತ ಕೊಡೋದಾದ್ರೆ ನೇರವಾಗಿ ಇವಳಿಗೇ ಕೊಡಿ. ನನ್ನನ್ನ ಬಿಟ್ಟುಬಿಡಿ." ಆ ಮಾತನ್ನು ಅವರು ಮನೆಯಿಂದ ಸಿದ್ಧ ಮಾಡಿಕೊಂಡು ಬಂದವರ ಹಾಗಲ್ಲ, ಈಗಷ್ಟೇ ಅರ್ಥವಾದವರ ಹಾಗೆ ಹೇಳಿದರು. ಒಬ್ಬ ಮನುಷ್ಯ ತನ್ನದಲ್ಲದ ತಪ್ಪನ್ನು ಇಷ್ಟು ಸುಲಭವಾಗಿ ಹೊತ್ತುಕೊಳ್ಳುತ್ತಾನೆ ಎಂದರೆ ಅದನ್ನು ಹೊರಿಸಿದವಳು ತಾನೇ, ಬೆಳಿಗ್ಗೆ, ಪೆಟ್ಟಿಗೆಯ ಪಕ್ಕದಲ್ಲಿ ನಿಂತು. ಅಧ್ಯಕ್ಷೆ ತಲೆಯಾಡಿಸಿ ಏನೋ ಬರೆದುಕೊಳ್ಳತೊಡಗಿದಳು. ಅಧಿಕಾರಿಯ ಬಿಸ್ಕತ್ತು ಈ ಸಲ ಮುರಿದು ಚಹಾದೊಳಗೆ ಬಿತ್ತು; ಅವನು ಚಮಚಕ್ಕಾಗಿ ಸುತ್ತ ನೋಡಿದ. ಅವಳು ಆ ಲೋಟವನ್ನೇ ನೋಡುತ್ತಾ, ಚಮಚ ಸಿಗುವುದರೊಳಗೆ ಹೇಳಿಬಿಡಬೇಕು, ಸಿಕ್ಕಿದ ಮೇಲೆ ಆಗುವುದಿಲ್ಲ ಎಂದುಕೊಂಡಳು. ಯಾಕೆ ಹಾಗೆ ಅನ್ನಿಸಿತೋ.

"ಇಲ್ಲ" ಎಂದಳು. ದನಿ ಸರಿಯಾಗಿ ಹೊರಡಲಿಲ್ಲ. "ಸರ್ ಫೋನ್ ಮಾಡಿದ್ರು. ಮೂ... ಮೂರು ಸಲ ಮಾಡಿದ್ರು. ಇಂಜಿನಿಯರ್ ಬರ್ತೀನಿ ಅಂದ. ನಾನೇ ಬೇಡ ಅಂದೆ. ಕರೆಂಟಿಲ್ಲ ಅಂದೆ, ಪರೀಕ್ಷೆ ಅಂದೆ. ನಂಗೆ... ಅದನ್ನ ನಡೆಸೋಕೆ ನಂಗೆ ಬರಲ್ಲ. ಹೆದರಿಕೆ ಆಯ್ತು." ಹೇಳಿ ಮುಗಿದಾಗ ಬೆನ್ನು ಬೆವೆತು ರವಿಕೆ ಅಂಟಿಕೊಂಡಿತ್ತು. ಸದ್ಯ, ಆಯಿತು, ಇನ್ನು ಏನಾದರೂ ಆಗಲಿ. ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆ ಗಡುಸು ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು, ಅಮ್ಮಂದಿರು ನಗುವ ಥರದ್ದು. "ನೋಡಿ ಸರ್" ಎಂದಳು ಮೇಷ್ಟ್ರಿಗೆ, "ಇಂಥ ಶಿಷ್ಯೆ ಎಲ್ಲರಿಗೂ ಸಿಗಲ್ಲ. ನಿಮ್ಮ ಮರ್ಯಾದೆ ಉಳಿಸೋಕೆ ಏನೇನು ಮೈಮೇಲೆ ಎಳ್ಕೋತಿದ್ದಾರೆ!" ಅಲ್ಲ, ನಿಜ, ಬೇಕಾದರೆ ಇಂಜಿನಿಯರನ್ನೇ ಕೇಳಿ ಎಂದಳು ಇವಳು. "ಬೇಡಮ್ಮ, ಬೇಡ. ನಿಮ್ಮ ಒಳ್ಳೇತನ ನಂಗೆ ಅರ್ಥವಾಯ್ತು. ಡಾಕ್ಟರೇಟ್ ಮಾಡಿದೋರು ಯಂತ್ರಕ್ಕೆ ಹೆದರ್ತಾರಾ? ಸುಳ್ಳು ಹೇಳೋದಾದ್ರೆ ಸ್ವಲ್ಪ ನಂಬೋ ಹಾಗಾದ್ರೂ ಹೇಳಬೇಕಪ್ಪ!" ಪ್ರಿನ್ಸಿಪಾಲರು ದೊಡ್ಡದಾಗಿ ನಕ್ಕರು, ಅಧಿಕಾರಿಯೂ ಚಮಚ ಹಿಡಿದುಕೊಂಡೇ ನಕ್ಕ. ಅನುದಾನ ಸಿಕ್ಕಿತು ಎಂಬುದು ಆ ನಗೆಯಲ್ಲೇ ಗೊತ್ತಾಗುತ್ತಿತ್ತು. ನಗದೆ ಕೂತವರು ಮೇಷ್ಟ್ರೊಬ್ಬರೇ. "ಮೂರು ಸಲವಾ?" ಎಂದರು, ಯಾರಿಗೂ ಕೇಳಿಸದಷ್ಟು ಸಣ್ಣಗೆ. ಅವರ ಕೈ ಮತ್ತೆ ಅಂಗಿಯ ಗುಂಡಿಗಳ ಮೇಲಿತ್ತು. ಅವಳಿಗೆ ಆಗ ಹೊಳೆಯಿತು, ಅಯ್ಯೋ, ನಾನೇನು ಮಾಡಿಬಿಟ್ಟೆ. ಫೋನ್ ಮಾಡುವುದನ್ನು ಮರೆಯುವುದು ಯಾರಿಗಾದರೂ ಆಗುವಂಥದ್ದು. ಮೂರು ಸಲ ಮಾಡಿ, ಬೈದು, ಅದು ಯಾವುದೂ ತಲೆಯೊಳಗೆ ಇಲ್ಲದೆ ಹೋಗುವುದು ಬೇರೆ.

ಊಟವಾಗಿ, ಸಮಿತಿಯವರು ಗ್ರಂಥಾಲಯ ನೋಡಲು ಹೋದರು. ಮೇಷ್ಟ್ರು ಹೊರಡುತ್ತೇನೆ ಎಂದಾಗ ಅವಳು ಕಾರಿನವರೆಗೆ ಬಂದಳು. ಡ್ರೈವರು ಗೇಟಿನ ಹತ್ತಿರ ಯಾರ ಜೊತೆಗೋ ಹರಟುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಕಾಂಕ್ರೀಟು ಕಣ್ಣಿಗೆ ಹೊಡೆಯುತ್ತಿತ್ತು. ಮೇಷ್ಟ್ರು ನೆರಳಿದ್ದ ಕಡೆ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅವಳ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅವರು ಅವಳನ್ನು ಹಾಗೆ ನೋಡಿರಲಿಲ್ಲ. ಫಲಿತಾಂಶದ ಹಾಳೆ ಅವಳ ಕೈಯಲ್ಲೇ ಇದೆಯೇನೋ, ತಾವು ವಿದ್ಯಾರ್ಥಿಯೇನೋ ಎಂಬಂತೆ ನೋಡಿದರು. "ಒಂದು ಮಾತು ನಿಜ ಹೇಳು. ಬೆಳಿಗ್ಗೆ ಗೊತ್ತಿಲ್ಲ ಅಂದೆ. ಆಮೇಲೆ ಮೂರು ಸಲ ಅಂದೆ. ಯಾವುದು? ನಾನು ಎಷ್ಟು ಯೋಚನೆ ಮಾಡಿದ್ರೂ ನಂಗೊಂದೂ ನೆನಪಿಗೆ ಬರ್ತಿಲ್ಲ. ಊಟ ಗಂಟಲಲ್ಲಿ ಇಳೀಲಿಲ್ಲಮ್ಮ. ಮೂರು ಸಲ ಮಾಡಿದ್ದು ಹೌದಾದ್ರೆ ನಾಳೆ ಆ ಡಾಕ್ಟರ ಹತ್ರ ಹೋಗಲೇಬೇಕು. ಹೌದಾ?"

ಹೌದು ಎನ್ನಬೇಕು. ಎರಡೇ ಅಕ್ಷರ. ಅಂದರೆ ಅವರು ನಾಳೆ ಆ ಬಾಗಿಲು ತಟ್ಟುತ್ತಾರೆ, ತಟ್ಟಬೇಕಾದದ್ದೇ. ಅವಳು ಅವರ ಮುಖವನ್ನು ನೋಡಿದಳು. ಕೆಳತುಟಿ ಅದುರುತ್ತಿತ್ತು, ಅದನ್ನು ನಿಲ್ಲಿಸಲು ಹಲ್ಲಿನಲ್ಲಿ ಹಿಡಿದಿದ್ದರು. ಅದನ್ನು ನೋಡಲಾರದೆ ಹೇಳಿದಳೋ, ಅಧ್ಯಕ್ಷೆಯ ನಗುವಿನಲ್ಲಿ ಸಿಕ್ಕಿದ್ದನ್ನು ಬಿಡಲಾರದೆ ಹೇಳಿದಳೋ, ಅವಳಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. "ಇಲ್ಲ ಸರ್" ಎಂದಳು. "ನೀವು ಮಾಡಲೇ ಇಲ್ಲ. ಅವರೆದುರಿಗೆ ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಹಾಗೆ ಹೇಳ್ದೆ." ಈ ಸಲ ಅವಳು ತೊದಲಲಿಲ್ಲ.

"ಹಾಗೆ ಹೇಳು ಮತ್ತೆ!" ಮೇಷ್ಟ್ರು ಇಡೀ ಮೈ ಸಡಿಲ ಬಿಟ್ಟು ನಕ್ಕರು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಅಬ್ಬಾ, ಜೀವ ಬಾಯಿಗೆ ತಂದಿದ್ದೆಯಲ್ಲೇ. ನೀನು ಸುಳ್ಳು ಹೇಳೋದಕ್ಕೆ ಲಾಯಕ್ಕಿಲ್ಲ ಕಣಮ್ಮ. ಕಮಿಟಿ ಮುಂದೆ ಎಷ್ಟು ತೊದಲಿದೆ! ಆಗಲೇ ನಂಗೆ ಗೊತ್ತಾಗಬೇಕಿತ್ತು." ಜೇಬಿನಿಂದ ಫೋನ್ ತೆಗೆದು ಅಲ್ಲೇ ನಿಂತು ಹೆಂಡತಿಗೆ ಹಚ್ಚಿದರು. ಡಾಕ್ಟರಿಗೆ ನಾಳೆ ಬರುವುದಿಲ್ಲ ಎಂದು ಹೇಳಿಬಿಡು ಎಂದರು, ಏನೂ ಆಗಿಲ್ಲ, ಬರೀ ಸೋಮಾರಿತನ, ಬೇಕಾದರೆ ನನ್ನ ಶಿಷ್ಯೆಯನ್ನೇ ಕೇಳು ಎಂದರು. ಆ ಕಡೆಯಿಂದ ಬೈಗುಳದಂಥದ್ದು ಏನೋ ಸಣ್ಣಗೆ ಕೇಳಿಸಿತು. ಮೇಷ್ಟ್ರು ಕಣ್ಣು ಮಿಟುಕಿಸಿ ಫೋನನ್ನು ಅವಳ ಕೈಗೆ ಕೊಟ್ಟರು. "ನೀನೇ ಹೇಳಮ್ಮ, ನನ್ನ ಮಾತು ಅವಳು ನಂಬಲ್ಲ." ಅವಳು ಫೋನನ್ನು ಕಿವಿಗೆ ಹಿಡಿದಳು. "ಹಲೋ ಅಮ್ಮ" ಎಂದಳು.